ಮೊದಲ ಸಾಲಿನ ನಗು

"ನಿಲ್ಸಿ!"

ಪೆಟ್ಟಿಗೆ ಮಾಮನ ಮಗಳು ಕೂಗಿದ ರಭಸಕ್ಕೆ ಟೀವಿ ಕೇಂದ್ರದ ಸೌಂಡ್ ರೆಕಾರ್ಡಿಸ್ಟ್ ಕಿವಿಯಣ್ಣನ ಕೈಯಲ್ಲಿದ್ದ ಕಾಫಿ ತುಳುಕಿ ಯಂತ್ರದ ಮೇಲೆ ಬಿತ್ತು. ಅವನು ಗಡಬಡಿಸಿ ಬಟನ್ ಒತ್ತಿದ. ಪರದೆಯ ಮೇಲೆ ಪೆಟ್ಟಿಗೆ ಮಾಮ ಅಕಾರ್ಡಿಯನ್ ತಬ್ಬಿಕೊಂಡು, ತುಟಿ ಬಿಗಿಹಿಡಿದು, ಬಂದ ನಗುವನ್ನು ನುಂಗಿಕೊಂಡವರ ಹಾಗೆ ನಿಂತುಬಿಟ್ಟರು.

"ಏನ್ ಕಂಡಿತು?" ಎಂದೆ.

"ಕಾಣ್ಲಿಲ್ಲ, ಕೇಳಿಸ್ತು. ಹಿಂದಕ್ಕೆ ಹಾಕಿ ಅಣ್ಣ. ಆ ಶ್ರುತಿ ಜೋಕಿಂದ."

ಟೇಪು ಕಿರಗುಟ್ಟಿ ಹಿಂದಕ್ಕೋಡಿ ಮತ್ತೆ ಮುಂದಕ್ಕೆ ಬಂತು. ಮಾಮ ಹುಬ್ಬು ಹಾರಿಸಿದರು.

"ನಾನ್ ಹುಟ್ಟಿದಾಗ ಅಳ್ಲೇ ಇಲ್ವಂತೆ. ಸುತ್ತ ಇದ್ದವ್ರಿಗೆಲ್ಲ ಗಾಬರಿ. ನಮ್ಮಮ್ಮ ಅಂದ್ಲಂತೆ, ಸ್ವಲ್ಪ ತಡೀರಿ, ಅವನಿನ್ನೂ ಶ್ರುತಿ ಹುಡುಕ್ತಿದಾನೆ."

ಜನ ನಕ್ಕರು. ಎಲ್ಲರಿಗಿಂತ ಮೊದಲು ಒಬ್ಬ ಹೆಂಗಸು ನಕ್ಕಳು. ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗಿ, ಉಸಿರು ಸಾಲದೆ 'ಹಕ್' ಎಂದು ಕೊನೆಯಾಗುವ ನಗು. ಆ 'ಹಕ್' ಮುಗಿದದ್ದೇ ತಡ, ಮಾಮನ ಕೈ ಅಕಾರ್ಡಿಯನ್ನಿನ ತಿದಿಯನ್ನು ಒತ್ತಿ ಹಾಡು ಶುರುಮಾಡಿತು.

"ಅದು ನಮ್ಮಮ್ಮ," ಎಂದಳು ಮಗಳು.

ಅವಳ ಅಮ್ಮ ತೀರಿಕೊಂಡು ವರ್ಷವಾಗಿತ್ತು. ಈ ಕಾರ್ಯಕ್ರಮ ರೆಕಾರ್ಡ್ ಆದದ್ದು ಹೋದ ಗುರುವಾರ ಎಂದು ಟೀವಿ ಕೇಂದ್ರ ಹೇಳುತ್ತಿತ್ತು.

ಕಿಟಕಿಯಿಲ್ಲದ ಆ ಎಡಿಟಿಂಗ್ ಕೋಣೆಯಲ್ಲಿ ಯಂತ್ರಗಳ ಫ್ಯಾನ್ ಮಾತ್ರ ಗುಂಯ್‌ಗುಟ್ಟುತ್ತಿತ್ತು. ಕಿವಿಯಣ್ಣ ಚೆಲ್ಲಿದ ಕಾಫಿಯನ್ನು ಅಂಗಿಯ ತೋಳಿನಿಂದಲೇ ಒರೆಸುತ್ತಿದ್ದ.

ಈ ಮಗಳು ಹಲ್ಲಿನ ಡಾಕ್ಟರು, ವಕೀಲೆಯಾದ ನನ್ನ ಕಕ್ಷಿದಾರಳು. ಹೋದ ವಾರದ ಸೋಮವಾರ ಅವಳ ಅಪ್ಪ ಅಕಾರ್ಡಿಯನ್ ಪೆಟ್ಟಿಗೆ ಎತ್ತಿಕೊಂಡು ಮನೆಯಿಂದ ಹೊರಟವರು ವಾಪಸು ಬರಲಿಲ್ಲ. ದಿನವೂ ತಪ್ಪದೆ ನುಂಗಬೇಕಾದ ಹೃದಯದ ಮಾತ್ರೆ ತಲೆದಿಂಬಿನ ಪಕ್ಕದಲ್ಲೇ ಉಳಿದಿತ್ತು. ಅವಳು ಪೊಲೀಸರ ಹತ್ತಿರ ಓಡಿದಳು. ಇನ್‌ಸ್ಪೆಕ್ಟರು ಅವಳನ್ನು ಕೂರಿಸಿ, ನೀರು ಕೊಟ್ಟು, ನಕ್ಕರು.

"ಭಾನುವಾರ ಟೀವೀಲಿ ಹಾಡ್ತಿದ್ದವರನ್ನ ನಾನ್ ಎಲ್ಲಿ ಅಂತ ಹುಡುಕ್ಲಿ ಡಾಕ್ಟ್ರೇ? ಇಡೀ ಊರೇ ನೋಡಿದೆ. ನನ್ ಹೆಂಡ್ತಿ ಜೊತೇಲಿ ಹಾಡಿದಾಳೆ."

ಅದೇ ತೊಡಕು. ಮನೆಮನೆಯಲ್ಲೂ ಕಾಣಿಸುವ ಮನುಷ್ಯ ಕಾಣೆಯಾಗಿದ್ದಾನೆ ಎಂದರೆ ನಂಬುವವರು ಯಾರು? ಗುರುವಾರ ಅವರು ಸ್ಟುಡಿಯೋಕ್ಕೆ ಬಂದೇ ಇರಲಿಲ್ಲ ಎಂದು ನಾನು ತೋರಿಸಿಕೊಟ್ಟರೆ ಮಾತ್ರ ಹುಡುಕಾಟ ಶುರುವಾಗುತ್ತದೆ. ಅಲ್ಲಿಯವರೆಗೆ ಮಾತ್ರೆಯಿಲ್ಲದ ಒಂದೊಂದು ದಿನವೂ ಉರುಳುತ್ತಲೇ ಇರುತ್ತದೆ.

"ಅಮ್ಮನ ನಗೂನೇ ಅಂತ ಖಾತ್ರಿನಾ?" ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ನಿಮ್ಮಮ್ಮ ಕೆಮ್ಮಿದ್ರೆ ನಿಮಗೆ ಗೊತ್ತಾಗಲ್ವಾ ಮೇಡಂ?"

ನಿಜ ಹೇಳಬೇಕೆಂದರೆ ಪೆಟ್ಟಿಗೆ ಮಾಮ ನನಗೆ ಯಾವತ್ತೂ ಹಿಡಿಸಿದವರಲ್ಲ. ಭಾನುವಾರ ಬೆಳಿಗ್ಗೆ ಅಷ್ಟೊಂದು ಉತ್ಸಾಹ ಯಾರಿಗೂ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. "ಪೆಟ್ಟಿಗೆ ತೆಗೀಲಾ?" ಎಂದು ಅವರು ಕೇಳುವುದು, ಮನೆಮನೆಯ ಮಕ್ಕಳು "ತೆಗೀ ಮಾಮಾ!" ಎಂದು ಕಿರುಚುವುದು ಶುರುವಾದರೆ ನಾನು ದಿಂಬಿನಡಿ ತಲೆ ತೂರಿಸುತ್ತಿದ್ದೆ. ಆದರೆ ಆ ದಿನ ಮಗಳು ಹೇಳಿದ ಕಥೆ ಕೇಳಿದ ಮೇಲೆ ನನ್ನ ಮನಸ್ಸು ಕರಗಿತು. ಅದನ್ನು ಮುಚ್ಚಿಟ್ಟು ಏನು ಬರಬೇಕಾಗಿದೆ?

ಮಾಮ ಬಸ್ಸು ನಿಲ್ದಾಣದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ಹುಡುಗ. ಮುಂದೆ ನಾಟಕ ಕಂಪನಿ ಸೇರಿದರು, ರೇಡಿಯೋದಲ್ಲಿ ಹಾಡಿದರು, ಕೊನೆಗೆ ಟೀವಿಯವರು ಕರೆದರು. ಹಾಡಿನ ನಡುವೆ ನಾಲ್ಕು ನಗೆಮಾತು ಇರಲಿ ಎಂದರಂತೆ. ಮೊದಲ ರೆಕಾರ್ಡಿಂಗಿನ ದಿನ ಮಾಮ ಹೇಳಿದ ಯಾವ ಮಾತಿಗೂ ಒಂದು ನರಪಿಳ್ಳೆಯೂ ನಗಲಿಲ್ಲ. ಬೆವರು ಸುರಿಯಿತು. ಇನ್ನೇನು ಪೆಟ್ಟಿಗೆ ಮುಚ್ಚಬೇಕು, ಆಗ ಪಕ್ಕದ ಕೋಣೆಯಲ್ಲಿ ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದ ಹುಡುಗಿಯೊಬ್ಬಳು ಗೋಡೆಯ ಆಚೆಯಿಂದ ಒಬ್ಬಳೇ ನಕ್ಕಳು. ಆ ನಗುವನ್ನು ಕೇಳಿ ಸಭೆ ನಕ್ಕಿತು. ಮಾಮ ಬಚಾವಾದರು.

"ಅಪ್ಪ ಆ ನಗೂನೇ ಮದುವೆ ಆದ್ರು. ಅಮ್ಮ ಜೊತೇಲಿ ಬಂದ್ಳು ಅಷ್ಟೇ," ಎಂದಳು ಮಗಳು. "ಅವತ್ತಿಂದ ಪ್ರತಿ ರೆಕಾರ್ಡಿಂಗಿಗೂ ಅಮ್ಮ ಮೊದಲ ಸಾಲಲ್ಲಿ ಕೂರಲೇಬೇಕು. ಅವಳ 'ಹಕ್' ಕೇಳದೆ ಅಪ್ಪನ ಕೈ ತಿದಿ ಒತ್ತುತ್ತಿರಲಿಲ್ಲ. ಮನೇಲಿ ಒಂದೇ ಜೋಕನ್ನ ಸಾವಿರ ಸಲ ಕೇಳಿರ್ತಿದ್ಳು. ಆದ್ರೂ ನಗ್ತಿದ್ಳು. ಸುಳ್ಳು ನಗು ಅಲ್ಲ ಮೇಡಂ, ನಿಜವಾಗ್ಲೂ ನಗು ಬರ್ತಿತ್ತು ಅವಳಿಗೆ."

ಅಮ್ಮ ಹೋದಮೇಲೆ ಅವಳು ಈ ಕಾರ್ಯಕ್ರಮ ನೋಡುವುದನ್ನೇ ಬಿಟ್ಟಿದ್ದಳು. ಭಾನುವಾರವೂ ನೋಡಿರಲಿಲ್ಲ. ಇವತ್ತು ನಾನು ಬಲವಂತವಾಗಿ ಕರೆತಂದಿದ್ದೆ.

ಕಿವಿಯಣ್ಣನ ಕಡೆ ತಿರುಗಿದೆ. ಕತ್ತಿನ ಸುತ್ತ ಹೆಡ್‌ಫೋನ್ ನೇತುಹಾಕಿಕೊಂಡೇ ತಲೆ ನರೆತವನು ಅವನು. ಇಲ್ಲಿ ಸೊಳ್ಳೆ ಹಾರಿದರೂ ಅವನ ಕಿವಿ ತಪ್ಪಿಸಿ ಹಾರುವುದಿಲ್ಲ ಎಂದು ಹೆಸರು.

"ಈ ನಗೂನ ನೀವು ಸೇರಿಸಿದ್ರಾ?"

"ಇಲ್ಲಪ್ಪ! ಆಣೆ ಬೇಕಾದ್ರೂ ಹಾಕ್ತೀನಿ. ನಗು ಸಾಲದೆ ಇದ್ದಾಗ ಹಳೇ ನಗು ತುಂಬಿಸೋದು ಉಂಟು, ಎಲ್ರೂ ಮಾಡ್ತಾರೆ. ಆದ್ರೆ ಅತ್ತಿಗೆ ನಗು ಇರೋ ಟೇಪು ಇಲ್ಲಿಲ್ಲ. ಅವರು ತೀರಿಕೊಂಡ ವಾರವೇ ಮಾಮ ಬಂದು, ಇದನ್ನ ಇನ್ನು ಯಾರ ಜೋಕಿಗೂ ಬಳಸ್ಬೇಡ ಅಂತ ಇಸ್ಕೊಂಡು ಹೋದ್ರು. ಅಕಾರ್ಡಿಯನ್ ಪೆಟ್ಟಿಗೇಲೇ ಇಟ್ಕೊಂಡಿರ್ತಾರೆ."

"ಗುರುವಾರ ರೆಕಾರ್ಡ್ ಮಾಡಿದ್ದು ನೀವಲ್ವಾ?"

"ಅವತ್ತು ನಂಗೆ ರಜೆ ಕೊಟ್ರು. ಮೇಲಿನ ಚಿಕ್ಕ ಹಾಲಲ್ಲಿ ಬೇಕಾದವರನ್ನಷ್ಟೇ ಕೂರಿಸ್ಕೊಂಡು ಮುಗಿಸಿದೀನಿ ಅಂತ ಕಟ್ ಸಾಹೇಬ್ರು ಟೇಪು ತಂದುಕೊಟ್ರು. ದೊಡ್ಡವರ ಮಾತಿಗೆ ನಾನ್ಯಾಕೆ ಎದುರು ಹೇಳ್ಲಿ?"

ಕಟ್ ಸಾಹೇಬರೆಂದರೆ ಕಾರ್ಯಕ್ರಮದ ನಿರ್ದೇಶಕರು, ಮಾಮನ ಸ್ವಂತ ತಮ್ಮ. ಊಟಕ್ಕೆ ಕೂತಾಗಲೂ ಸಾಕು ಎನ್ನುವ ಬದಲು 'ಕಟ್' ಎನ್ನುವವರು ಎಂದು ಸ್ಟುಡಿಯೋದವರು ಆಡಿಕೊಳ್ಳುತ್ತಿದ್ದರು.

"ಟೇಪು ಕೊಡಿ. ಮೇಲೆ ಹೋಗೋಣ," ಎಂದೆ.

ಮಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

*

ಕಟ್ ಸಾಹೇಬರ ಕೋಣೆಯ ತುಂಬ ಅಣ್ಣನ ಫೋಟೋಗಳು. ಒಂದರಲ್ಲೂ ತಮ್ಮನಿಲ್ಲ. ಕ್ಯಾಮರಾದ ಹಿಂದೆ ನಿಂತವರ ಪಾಡೇ ಅಷ್ಟು. ನಮ್ಮನ್ನು ನೋಡಿ ಅವರು ಎದ್ದು ನಿಂತು, ಕಾರಣವಿಲ್ಲದೆ ಮೇಜಿನ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿದರು. ನಾನು ಅದನ್ನು ನೋಡಿದೆ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವವರು ನನಗೆ ಹೊಸಬರಲ್ಲ.

"ಚಿಕ್ಕಪ್ಪ, ಅಪ್ಪ ಎಲ್ಲಿ?"

"ನೋಡು ಮರಿ, ಎಷ್ಟು ಸಲ ಹೇಳ್ಲಿ? ಗುರುವಾರ ಬಂದ, ಹಾಡಿದ, ನಗ್ತಾ ನಗ್ತಾ ಹೋದ. ಸ್ವಲ್ಪ ದಿನ ಎಲ್ಲಾದ್ರೂ ಹಾಯಾಗಿರ್ತೀನಿ ಅಂದ. ದೊಡ್ಡ ಮನುಷ್ಯ, ಕೂಸಲ್ಲ."

ನಾನು ಟೇಪನ್ನು ಅವರ ಟೀವಿಯ ಕೆಳಗಿನ ಯಂತ್ರಕ್ಕೆ ತೂರಿಸಿದೆ. ಶ್ರುತಿಯ ಜೋಕು. ನಗು. ಹಕ್.

ಕಟ್ ಸಾಹೇಬರು ಕುರ್ಚಿಯ ಕೈಯನ್ನು ಹಿಡಿದುಕೊಂಡರು.

"ಯಾರ ನಗು ಇದು?" ಎಂದೆ.

"ಅದು... ಹಳೇ ಸ್ಟಾಕು. ಜನ ಕಮ್ಮಿ ಇದ್ರು, ತುಂಬಿಸಿದೀವಿ. ಅದ್ರಲ್ಲೇನು ಮಹಾ?"

"ತುಂಬಿಸಿದ್ದು ಆಮೇಲೆ. ಅಲ್ವಾ?"

"ಮತ್ತೆ? ರೆಕಾರ್ಡಿಂಗ್ ಮುಗಿದ ಮೇಲೇ ತುಂಬಿಸೋದು."

"ಹಾಗಾದ್ರೆ ಅಣ್ಣನ ಕೈ ನೋಡಿ." ಟೇಪನ್ನು ಮತ್ತೆ ಹಾಕಿದೆ. "ತಿದಿ ಬಿಚ್ಚಿ ಹಿಡಿದು ನಿಂತಿದಾರೆ. ಜನ ನಕ್ಕು ಸುಮ್ಮನಾದ್ರೂ ಒತ್ತಲ್ಲ. ಆಕೆ 'ಹಕ್' ಅಂದ ತಕ್ಷಣ ಒತ್ತುತಾರೆ. ಪ್ರತಿ ಜೋಕಿಗೂ ಹೀಗೇ. ನಿಮ್ಮ ಹಾಲಲ್ಲಿ ಇಲ್ಲದ ನಗು ಅವರಿಗೆ ಹೇಗೆ ಕೇಳಿಸ್ತು?"

ಅವರ ಕಣ್ಣು ಡ್ರಾಯರಿನ ಕಡೆ ಹೋಯಿತು.

"ಅಪ್ಪನ ಮಾತ್ರೆ ಮನೇಲಿದೆ ಚಿಕ್ಕಪ್ಪ," ಎಂದಳು ಮಗಳು. ದನಿ ಏರಲಿಲ್ಲ. "ನೀವು ಬಾಯಿಬಿಡೋವರೆಗೂ ನಾನು ಈ ಕೋಣೆಯಿಂದ ಕದಲಲ್ಲ. ದಿನವೆಲ್ಲ ಬಾಯಿ ತೆಗೆಸೋದೇ ನನ್ನ ಕೆಲಸ."

ಅವರು ಮುಖ ಮುಚ್ಚಿಕೊಂಡರು. ಆಮೇಲೆ ಬೆರಳುಗಳ ಸಂದಿಯಿಂದಲೇ ಮಾತು ಹೊರಬಂತು.

"ಹಳೇದು. ಟೇಪು ಹಳೇದು. ಅತ್ತಿಗೆ ಇದ್ದ ಕಾಲದ್ದು. ಪ್ರಸಾರ ಆಗದೆ ಉಳಿದಿತ್ತು. ಅವನು ಗುರುವಾರ ಬರ್ಲಿಲ್ಲ. ಒಂದು ಭಾನುವಾರ ತಪ್ಪಿದ್ರೂ ಕಾರ್ಯಕ್ರಮ ನಿಲ್ಲಿಸ್ತಾರೆ. ಇಷ್ಟು ವರ್ಷ ಕಟ್ಟಿದ್ದು ಅಲ್ವಾ ಮರಿ... ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂದ್ಕೊಂಡೆ."

ನನಗೆ ಕುಣಿಯಬೇಕೆನ್ನಿಸಿತು. ಕುಣಿಯುವ ವಯಸ್ಸಲ್ಲ. ಫೋನೆತ್ತಿ ಇನ್‌ಸ್ಪೆಕ್ಟರ ನಂಬರ್ ತಿರುಗಿಸಿ ಕಟ್ ಸಾಹೇಬರ ಕೈಗೆ ಕೊಟ್ಟೆ. "ಈಗ ಹೇಳಿದ್ದನ್ನೇ ಹೇಳಿ."

ಅವರು ಹೇಳಿದರು, ಒಂದು ಮಾತೂ ತೊದಲದೆ. ಒಮ್ಮೆ ಸೋತ ಮನುಷ್ಯ ಇಷ್ಟು ಸಲೀಸಾಗಿ ಮಾತಾಡುತ್ತಾನೆಯೇ ಎಂಬ ಅನುಮಾನ ನನ್ನಲ್ಲಿ ಸಣ್ಣಗೆ ಚುಚ್ಚಿತು. ಗೆದ್ದ ಖುಷಿಯಲ್ಲಿ ಅದನ್ನು ಪಕ್ಕಕ್ಕೆ ತಳ್ಳಿದೆ.

ನಾನು ರಿಸೀವರ್ ತೆಗೆದುಕೊಂಡೆ. ನಾನು ರಿಸೀವರ್ ತೆಗೆದುಕೊಂಡೆ. "ಅಂದ್ರೆ ಸೋಮವಾರದಿಂದ ಯಾರೂ ಅವರನ್ನ ನೋಡೇ ಇಲ್ಲ. ಈಗ್ಲೇ ಜನ ಕಳಿಸ್ತೀನಿ ಮೇಡಂ. ಫೋಟೋ ರೆಡಿ ಇಡಿ."

ಅಷ್ಟರಲ್ಲಿ ಯಾರೋ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು. ಮಗಳು. ಅವಳ ಕಣ್ಣು ಟೀವಿಯ ಮೇಲಿತ್ತು.

ನಾವು ಟೇಪು ನಿಲ್ಲಿಸುವುದನ್ನೇ ಮರೆತಿದ್ದೆವು. ಅದು ತನ್ನಷ್ಟಕ್ಕೆ ಓಡಿ ಕೊನೆಗೆ ಬಂದಿತ್ತು. ಇಷ್ಟು ಹೊತ್ತೂ ತುಟಿ ಬಿಗಿಹಿಡಿದಿದ್ದ ಮಾಮ ಕೊನೆಯ ಹಾಡು ಮುಗಿಸಿ, ಕ್ಯಾಮರಾದ ಹತ್ತಿರ ಬಂದು, ಬಾಯ್ತುಂಬ ಹಲ್ಲು ಬಿಟ್ಟು ನಗುತ್ತಿದ್ದರು. ಬೇಕೆಂದೇ ತೋರಿಸಿದಂತಿತ್ತು.

"ಮುಂದಿನ ಹಲ್ಲು ನೋಡಿ," ಎಂದು ಪಿಸುಗುಟ್ಟಿದಳು. "ಎಡಗಡೇದು."

ನೋಡಿದೆ. ಮಿಕ್ಕ ಹಲ್ಲುಗಳು ಕಾಫಿ ಕುಡಿದು ಮಾಸಿದ್ದವು. ಅದೊಂದು ಮಾತ್ರ ಹೊಸ ಪಿಂಗಾಣಿಯಂತೆ ಬೆಳ್ಳಗಿತ್ತು.

"ಹೋದ ತಿಂಗಳು ನಾನೇ ಕೂರಿಸಿದ್ದು. ಅಪ್ಪ ಮೆಟ್ಟಿಲು ತಪ್ಪಿ ಹಲ್ಲು ಮುರ್ಕೊಂಡಿದ್ರು. ಹೊಸ ದೀಪದ ಬೆಳಕಲ್ಲಿ ಬಣ್ಣ ಆರಿಸಿ ತಪ್ಪು ಮಾಡ್ಬಿಟ್ಟೆ. ಸ್ವಂತ ಅಪ್ಪನ ಹಲ್ಲೇ ಹೊಂದಿಸೋಕೆ ಬರ್ಲಿಲ್ಲ ಇವಳಿಗೆ ಅಂತ ಮನೆಯೆಲ್ಲ ರೇಗಿಸಿದ್ರು. ಬದಲಾಯಿಸ್ತೀನಿ ಅಂದ್ರೆ, ಬೇಡ, ಕತ್ತಲಲ್ಲಿ ಟಾರ್ಚ್ ಉಳೀತು ಅಂದ್ರು."

ಹೋದ ತಿಂಗಳು ಕೂರಿಸಿದ ಹಲ್ಲು ಅಮ್ಮ ಇದ್ದ ಕಾಲದ ಟೇಪಿನಲ್ಲಿ ಇರಲು ಸಾಧ್ಯವಿಲ್ಲ. ಟೇಪು ಹೊಸದು. ಸತ್ತ ಹೆಂಡತಿಯ ನಗುವನ್ನು ಯಂತ್ರದಲ್ಲಿ ಹಾಕಿಸಿಕೊಂಡು, ಅದಕ್ಕೆ ಕಾದು ಕಾದು ಮಾಮ ಮೊನ್ನೆ ಮೊನ್ನೆ ನುಡಿಸಿದ್ದಾರೆ.

"ಹಲೋ? ಮೇಡಂ? ಲೈನಲ್ಲಿದೀರಾ?" ಇನ್‌ಸ್ಪೆಕ್ಟರು ಕೂಗುತ್ತಿದ್ದರು. "ಟೇಪು ಹಳೇದು ಅನ್ನೋದು ಖಾತ್ರಿ ತಾನೆ?"

ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು. ಹೊಸದು ಎಂದರೆ ಅವರು ಮತ್ತೆ ನಕ್ಕು ಫೋನಿಡುತ್ತಾರೆ. ಹಾಡಿಕೊಂಡಿರುವವರನ್ನು ಹುಡುಕಲು ಜನ ಕಳಿಸುವುದಿಲ್ಲ. ಹಳೆಯದು ಎಂದರೆ ನಾನು ಸುಳ್ಳು ಹೇಳಿದಂತೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ ಅದು. ನೀವು ಏನು ಹೇಳಿದರೂ ನಾನು ಹುಡುಕುವವಳೇ ಎಂಬ ನೋಟ.

"ಜನ ಕಳಿಸಿ ಸಾರ್," ಎಂದೆ. "ಸ್ವಲ್ಪ ಹೊತ್ತಲ್ಲಿ ನಾನೇ ಮತ್ತೆ ಫೋನ್ ಮಾಡಿ ಪೂರ್ತಿ ಹೇಳ್ತೀನಿ."

ಫೋನಿಟ್ಟು ಕಟ್ ಸಾಹೇಬರ ಮುಂದೆ ಹೋಗಿ ನಿಂತೆ. "ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು. ಡ್ರಾಯರಲ್ಲೇನಿದೆ?"

"ಏನಿಲ್ಲ."

ಮಗಳು ಮೇಜಿನ ಸುತ್ತ ಬಂದು ಡ್ರಾಯರ್ ಎಳೆದಳು. ಒಂದು ಟೇಪು. ಮೇಲೆ ಹೆಸರೂ ಇಲ್ಲ, ಚೀಟಿಯೂ ಇಲ್ಲ.

ಕಟ್ ಸಾಹೇಬರು ಅಳತೊಡಗಿದರು. ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನೋಡುವುದು ಹಿಂಸೆ. ಆದರೂ ನಾನು ಕಣ್ಣು ತಿರುಗಿಸಲಿಲ್ಲ.

"ಬಾಗಿಲಲ್ಲಿ ಇಟ್ಟು ಹೋಗ್ತಾರೆ. ಯಾರು ಅಂತ ನಿಜವಾಗ್ಲೂ ಗೊತ್ತಿಲ್ಲ. ಮೊದಲನೇದು ಶುಕ್ರವಾರ ಬಂತು. ಶುರುವಲ್ಲಿ ಅಣ್ಣನೇ ಮಾತಾಡಿದ. 'ತಮ್ಮಾ, ಇದನ್ನ ಭಾನುವಾರ ಹಾಕು. ಯಾರಿಗೂ ಹೇಳ್ಬೇಡ. ಹೇಳಿದ್ರೆ ಇದೇ ನನ್ನ ಕೊನೇ ಹಾಡು' ಅಂತ. ಆ ಮಾತು ಕತ್ತರಿಸಿ, ಜನರ ನಗು ತುಂಬಿಸಿ ಕಿವಿಯಣ್ಣಂಗೆ ಕೊಟ್ಟೆ. ಅಣ್ಣ ಮುನಿಸ್ಕೊಂಡು ಎಲ್ಲೋ ಕೂತು ಆಟ ಆಡ್ತಿದಾನೋ, ಯಾರಾದ್ರೂ ಹಿಡಿದಿಟ್ಟಿದಾರೋ, ಹೇಗೆ ಹೇಳ್ಲಿ? ಅವನ ಮುಖ ನಗ್ತಾನೇ ಇತ್ತಲ್ಲ!"

"ಮತ್ತೆ ಹಳೇದು ಅಂತ ಯಾಕಂದ್ರಿ?"

"ಹಳೇದು ಅಂದ್ರೆ ಪೊಲೀಸರು ಹುಡುಕ್ತಾರೆ. ಟೇಪು ಬಂದ ವಿಷಯಾನೂ ಹೊರಗೆ ಹೋಗಲ್ಲ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂತ..."

ಮೂರ್ಖ, ಆದರೆ ಕಳ್ಳನಲ್ಲ. ಮಗಳು ಅವರ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು.

"ಇದು ಯಾವಾಗ ಬಂತು?"

"ಇವತ್ತು ಬೆಳಿಗ್ಗೆ. ನೋಡೋ ಧೈರ್ಯ ಆಗ್ಲಿಲ್ಲ."

ಫೋನಿನಲ್ಲಿ ಕೆಳಗಿನಿಂದ ಕಿವಿಯಣ್ಣನನ್ನು ಕರೆಸಿದೆ. ಅವನು ಹೆಡ್‌ಫೋನನ್ನು ಯಂತ್ರಕ್ಕೆ ಸಿಕ್ಕಿಸಿ ಒಂದು ಕಿವಿಗೆ ಒತ್ತಿಕೊಂಡು ನೆಲದ ಮೇಲೆ ಕೂತ. ಟೀವಿಯ ಸದ್ದು ನಮಗೂ ಕೇಳಿಸುತ್ತಿತ್ತು.

ಮಾಮನ ಹಿಂದೆ ಮೊದಲ ಟೇಪಿನಲ್ಲಿದ್ದ ಅದೇ ಕೆಂಪು ಪರದೆ. ಅದೇ ಅಕಾರ್ಡಿಯನ್. ಮಾಮನ ಅಂಗಿಯ ಕಾಲರು ಮಾತ್ರ ಕತ್ತಿಗೆ ದೊಡ್ಡದಾಗಿತ್ತು.

"ಪೆಟ್ಟಿಗೆ ತೆಗೀಲಾ?" ಎಂದರು. ತುಟಿ ಹೆಚ್ಚು ತೆರೆಯಲಿಲ್ಲ. ಆಮೇಲೆ ಮತ್ತೆ ಅದೇ ಶ್ರುತಿಯ ಜೋಕು ಹೇಳಿದರು. ಒಂದೇ ಜೋಕನ್ನು ಎರಡು ಭಾನುವಾರ ಹೇಳಿದವರೇ ಅಲ್ಲ ಅವರು ಎಂದು ಕಿವಿಯಣ್ಣ ಗೊಣಗಿದ.

ಕ್ಯಾಮರಾದ ಆಚೆಯಿಂದ ಹೆಂಡತಿಯ ನಗು ಬಂತು. ಕೆಳಗಿನಿಂದ ಮೇಲಕ್ಕೆ ಏರತೊಡಗಿತು.

ಮಾಮ ಕಾಯಲಿಲ್ಲ.

ನಗು ಅರ್ಧ ದಾರಿಯಲ್ಲಿರುವಾಗಲೇ ತಿದಿಯನ್ನು ಒತ್ತಿ, ಅದರ ಮೇಲೆಯೇ ಹಾಡು ಶುರುಮಾಡಿದರು. ಅಷ್ಟು ವರ್ಷ ಒಂದು ಸಲವೂ ಆ ನಗುವನ್ನು ತುಳಿಯದ ಮನುಷ್ಯ, ಈಗ ಬೇಕೆಂದೇ ತುಳಿಯುತ್ತಿದ್ದರು. ಈ ಸನ್ನೆಯನ್ನು ಅರ್ಥಮಾಡಿಕೊಳ್ಳಬಲ್ಲವಳು ಜಗತ್ತಿನಲ್ಲಿ ಒಬ್ಬಳೇ ಇದ್ದಳು. ಅವಳು ನನ್ನ ಪಕ್ಕದಲ್ಲಿ ನಿಂತು ಟೀವಿಯ ಅಂಚನ್ನು ಹಿಡಿದುಕೊಂಡಿದ್ದಳು.

ಹಾಡು ಮುಗಿಯಿತು. ಮಾಮ ಕ್ಯಾಮರಾದ ಹತ್ತಿರ ಬಂದು ಬಾಯ್ತುಂಬ ನಕ್ಕರು. ಎಡಗಡೆಯ ಬಿಳಿಯ ಹಲ್ಲು ಇದ್ದ ಜಾಗದಲ್ಲಿ ಕಪ್ಪು ಸಂದಿಯಿತ್ತು. ಮೇಲಿನ ತುಟಿ ಒಳಗಡೆ ಒಡೆದು ಊದಿತ್ತು.

"ಬಣ್ಣ ತಪ್ಪಿರಬಹುದು," ಎಂದಳು ಮಗಳು. "ನಾನು ಕೂರಿಸಿದ ಹಲ್ಲು ತಾನಾಗಿ ಬೀಳಲ್ಲ. ಅಪ್ಪಂಗೆ ಹೊಡೆದಿದಾರೆ." ಕಣ್ಣು ಒರೆಸಿಕೊಳ್ಳಲೂ ನಿಲ್ಲದೆ ಫೋನಿನ ಹತ್ತಿರ ಹೋಗಿ ಇನ್‌ಸ್ಪೆಕ್ಟರ ನಂಬರ್ ತಿರುಗಿಸತೊಡಗಿದಳು. "ಈಗ ನಗ್ಲಿ ನೋಡೋಣ ಅವರು."

ಪರದೆ ಕಪ್ಪಾಯಿತು. ಟೇಪು ಮುಗಿಯಿತೆಂದು ನಾನು ಬಟನ್ನಿನ ಕಡೆ ಕೈ ಚಾಚಿದೆ.

"ತಡೀರಿ," ಎಂದ ಕಿವಿಯಣ್ಣ. "ಇನ್ನೂ ಇದೆ."

ಚಿತ್ರವಿಲ್ಲದ ಪರದೆಯೊಳಗಿನಿಂದ ಆ ನಗು ಮತ್ತೆ ಏರತೊಡಗಿತು. ಕೊನೆಯ 'ಹಕ್' ಬರುವ ಮೊದಲೇ ಟೇಪಿನೊಳಗೆ ಯಾರೋ ಯಂತ್ರವನ್ನು ಟಕ್ಕನೆ ನಿಲ್ಲಿಸಿದರು. ಕುರ್ಚಿ ಸರಿದ ಸದ್ದು. ಆಮೇಲೆ ಒಂದು ದನಿ, ಮಕ್ಕಳಿಗೆ ಪಾಠ ಹೇಳುವಷ್ಟು ತಾಳ್ಮೆಯ ದನಿ:

"ಇನ್ನೊಂದ್ ಸಲ. ಈ ಸಲ ಅವಳಿಗೆ ಕಾಯ್ಬೇಕು."

ಕಿವಿಯಣ್ಣ ಹೆಡ್‌ಫೋನನ್ನು ನಿಧಾನವಾಗಿ ನೆಲಕ್ಕಿಟ್ಟ. ಆ ದನಿ ಯಾರದೆಂದು ಅವನಿಗೆ ಗೊತ್ತಾಗಿತ್ತು; ದಿನವೂ ಇದೇ ಕಟ್ಟಡದಲ್ಲಿ ಅವನ ಕಿವಿಗೆ ಬೀಳುವ ದನಿ. ಅವನು ನನ್ನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.